ಲಾರಿಯ ಅಚ್ಚು ಕೇಳುವ ಮಾಬೂಬೀ

ಹರಿಹರದ ಕಡೆಯಿಂದ ಮೊದಲ ಲಾರಿಗಳ ಸದ್ದು ಕೇಳುವ ಹೊತ್ತಿಗೆ ದಾವಣಗೆರೆಯ ಈ ಓಣಿಯಲ್ಲಿ ಮಾಬೂಬೀ ಜಗಲಿಗೆ ಬಂದು ಕೂತಿರುತ್ತಾರೆ. ತೊಡೆಯ ಮೇಲೆ ನಂಬರ್ ಪ್ಲೇಟಿಗೆಂದು ಕಪ್ಪು ಬಳಿದ ತಗಡು, ಬೆರಳಲ್ಲಿ ಅಳಿಲಿನ ಕೂದಲಿನ ಕುಂಚ. ಅಳತೆಗೆ ಪಟ್ಟಿಯಿಲ್ಲ, ಗೆರೆಯಿಲ್ಲ. ಒಂದೇ ಎಳೆತಕ್ಕೆ ಬಿಳಿಯ ಏಳರ ಅಂಕಿ ಮೂಡುತ್ತದೆ, ಹುಟ್ಟಿದಾಗಿನಿಂದ ತಗಡಿನಲ್ಲೇ ಇತ್ತೇನೋ ಎಂಬ ಹಾಗೆ. ನೋಡುತ್ತ ನಿಂತವರು ಉಸಿರು ಬಿಡುವುದು ಆಮೇಲೆ.

ಗಂಡ ಜಮಾಲುದ್ದೀನ್ ಮೋಟಾರ್ ಗ್ಯಾರೇಜಿನ ಪೇಂಟರು. ಐವತ್ತೆಂಟನೇ ಇಸವಿಯಲ್ಲಿ ಲಕ್ವ ಹೊಡೆದು ಬಲಗೈ ಬಿತ್ತು. ಮಂಚದ ಮೇಲಿಂದ ಅವರು ಬಾಯಲ್ಲಿ ಹೇಳಿದರು, ಇವರು ಕೈಯಲ್ಲಿ ಕಲಿತರು. ಇಂಗ್ಲಿಷ್ ಅಕ್ಷರ ಮಾಬೂಬೀಗೆ ಓದಲು ಬಾರದು, ಬರೆಯಲು ಬರುತ್ತದೆ! ದಿನಕ್ಕೆ ಮೂರು ಪ್ಲೇಟು, ಸುಗ್ಗಿಯಲ್ಲಿ ಐದು. "ಸೌಟಿಗಿಂತ ಬ್ರಷ್ಷು ಹಗುರ ಬಿಡ್ರಿ" ಎಂದು ನಗುತ್ತಾರೆ.

ಇವತ್ತು ಓಡಿ ಬಂದವನು ಏಕಾಂತಪ್ಪ ಸಾಹುಕಾರರ ಲಾರಿ ಡ್ರೈವರ್ ಕೆಂಚಣ್ಣ. ಹರಿಹರದ ಹೊಳೆ ದಾಟಿದ ಮೇಲೆ ಎಲ್ಲೋ ಹಿಂದಿನ ನಂಬರ್ ಪ್ಲೇಟು ಉದುರಿದೆ. ಹತ್ತಿ ಮೂಟೆ ಹೇರಿಯಾಗಿದೆ, ಹೊರಡಬೇಕು.

"ಮಾಬೂಬಕ್ಕ, ಲಗೂನ ಒಂದು ಬರೆದುಕೊಡು."

"ಸ್ಟೇಷನ್ನಾಗೆ ಬರೆಸಿದ ಚೀಟಿ ಎಲ್ಲೈತೆ?"

"ತಗಡು ಕಳೆದ್ರೆ ಪೊಲೀಸರು ಯಾಕಕ್ಕ? ಎಮ್ಮೆ ಕಳೆದಂಗೆ ಆಡ್ತೀಯಲ್ಲ!"

"ಎಮ್ಮೆ ಆದ್ರೆ ಸಂಜಿಗೆ ತಾನೇ ಮನಿಗೆ ಬರ್ತೈತೆ. ತಗಡು ಬ್ಯಾರೇರ ಗಾಡಿ ಹತ್ತತೈತೆ."

ಚೀಟಿಯೊಂದೇ ಸಾಲದು. ಆರ್.ಸಿ. ಪುಸ್ತಕ ಬೇಕು, ಜೊತೆಗೆ ಲಾರಿಯ ಅಚ್ಚು. ಲಾರಿ ನಿಲ್ಲುವಲ್ಲಿಗೆ ಮಾಬೂಬೀ ಹೋಗುವವರಲ್ಲ. ಲಾರಿಯ ಅಡಿಗಟ್ಟಾದ ಚಾಸಿಯ ಮೇಲೆ ಕೊರೆದ ನಂಬರಿಗೆ ಕಾಗದ ಒತ್ತಿ, ಪೆನ್ಸಿಲು ಉಜ್ಜಿ ತರಬೇಕು. ಅದನ್ನು ಪುಸ್ತಕದಲ್ಲಿರುವ ಚಾಸಿ ನಂಬರಿನ ಪಕ್ಕ ಇಟ್ಟು ಒಂದೊಂದೇ ಅಂಕಿಗೆ ಬೆರಳಿಟ್ಟು ತಾಳೆ ನೋಡುತ್ತಾರೆ. ಲಾರಿಯೇ ಜಗಲಿಗೆ ಬಂದು ಸಾಕ್ಷಿ ನುಡಿದ ಹಾಗೆ.

"ಏಕಾಂತಪ್ಪ ಸಾಹುಕಾರ್ರಿಗೆ ಸಿಟ್ಟು ಬಂದ್ರೆ ಎಂಟೂ ಲಾರಿ ಕೆಲಸ ಬಜಾರದ ಪೇಂಟರಿಗೆ ಹೋಗ್ತೈತೆ, ನೋಡು" ಎನ್ನುತ್ತಾನೆ ಕೆಂಚಣ್ಣ. ಈ ಮನೆಯ ಅರ್ಧ ಅನ್ನ ಆ ಎಂಟು ಲಾರಿಗಳದು.

"ಹೋಗ್ಲಿ. ನೀ ಚೀಟಿ ತಾ."

ಎರಡು ವರ್ಷದ ಹಿಂದೆ ಹೀಗೇ ಒಬ್ಬನಿಗೆ ಕೇಳದೆ ಬರೆದುಕೊಟ್ಟರು. ಆ ಪ್ಲೇಟು ಕಳ್ಳಗಾಡಿ ಹತ್ತಿತು, ಗಾಡಿ ಒಬ್ಬರಿಗೆ ಗುದ್ದಿ ಓಡಿತು. ಆ ನಂಬರಿನ ಅಸಲಿ ಲಾರಿಯ ಡ್ರೈವರು, ಏನೂ ಅರಿಯದವನು, ಎಂಟು ದಿನ ಲಾಕಪ್ಪಿನಲ್ಲಿದ್ದ. "ಆತನ ಹೆಂಡ್ತಿ ಬಂದು ಇಲ್ಲೇ ಕೂತ್ಲು ರೀ. ಬೈಲಿಲ್ಲ. ನೀವೇ ಬರೆದಿದ್ದೇನಮ್ಮ ಅಂದ್ಲು. ಹೌದವ್ವ ಅಂದೆ. ಅವತ್ತಿಂದ ಚೀಟಿ, ಅಚ್ಚು ಕೇಳ್ತೀನಿ."

ಹನ್ನೊಂದಕ್ಕೆ ಕೆಂಚಣ್ಣ ಬೆವರುತ್ತ ಬರುತ್ತಾನೆ. ಚೀಟಿಯನ್ನು ಜಮಾಲುದ್ದೀನ್ ಓದಿ ತಲೆಯಾಡಿಸುತ್ತಾರೆ. ಅಚ್ಚಿನ ಅಂಕಿಗಳೆಲ್ಲ ಪುಸ್ತಕಕ್ಕೆ ಕೂಡುತ್ತವೆ. ಕುಂಚ ಏಳುತ್ತದೆ.

"ಸಾಹುಕಾರ್ರು ಇದೇ ಕಡೇದು ಅಂದ್ರಕ್ಕ" ಎಂದು ಆತ ನೆಲ ನೋಡುತ್ತಾನೆ.

ಮಾಬೂಬೀ ಕೊನೆಯ ಅಂಕಿ ಮುಗಿಸಿ, "ಹಸಿ ಐತೆ, ಅಂಚು ಹಿಡಿ. ಈ ಸಲನಾರ ನಟ್ಟು ಬಿಗಿ ಮಾಡಪ್ಪ" ಎಂದು ಕಳಿಸುತ್ತಾರೆ.

ಆತ ಓಣಿ ತಿರುಗಿದ ಮೇಲೆ ಸೆರಗಿಗೆ ಬೆರಳೊರೆಸಿಕೊಂಡು ಹೇಳುತ್ತಾರೆ: "ಎಂಟೂ ಹೋದ್ವು ಅನ್ರಿ. ಆದ್ರೂ ಎಂಟರ ಮ್ಯಾಲೂ ಓಡಾಡೋದು ನಾ ಬರೆದ ನಂಬರೇ. ಒಂದೂ ಸುಳ್ಳಿಲ್ಲ."