ಪರ್ವಕ್ಕೆ ಮುಂಚೆ ಬಂದ ಸಮುದ್ರ

ಸಮುದ್ರಸ್ನಾನ ಮಾಡಿಸಿದರೆ ಅತ್ತೆಯವರ ಮೊಣಕಾಲು ಸಡಿಲವಾದೀತೆಂದು ವೈದ್ಯರು ಹೇಳಿದ್ದರಿಂದ ಅವರು, ನಮ್ಮ ಮನೆಯವರು, ನಾನು ಮೂವರೂ ಬಾಗಲಕೋಟೆಯಿಂದ ಬೆಳಗಿನ ಗಾಡಿಗೆ ಹೊರಟೆವು. ನೆಲಕ್ಕೆ ಕೂತರೆ ಏಳಲು ಅತ್ತೆಯವರಿಗೆ ಇಬ್ಬರ ಕೈ ಬೇಕಾಗಿತ್ತು. ಬನಶಂಕರಿಗೆ ಪ್ರದಕ್ಷಿಣೆ ಹಾಕದೆ ವರ್ಷವಾಗಿತ್ತು. ಅದೇ ಅವರ ಕೊರಗು. ಬಾದಾಮಿಯಲ್ಲಿ ಕಿಟಕಿಯಿಂದಲೇ ತಾಯಿಗೆ ಕೈ ಮುಗಿದರು.

ಗದಗ, ಹುಬ್ಬಳ್ಳಿ ಎಂದು ಗಾಡಿ ಬದಲಿಸುವುದರಲ್ಲೇ ನನ್ನ ಸೊಂಟ ಹೋಯಿತು. ಘಟ್ಟದ ಸುರಂಗಗಳಲ್ಲಿ ಹೊಗೆ ನುಗ್ಗಿ ಎಲ್ಲರ ಮೋರೆ ಇದ್ದಿಲಾಯಿತು. ಗೋವೆಯ ಗಡಿಯಲ್ಲಿ ಜಕಾತಿ ಸಿಪಾಯಿ ಗಂಟು ಬಿಚ್ಚಿಸಿ, ಮಡಿಯಲ್ಲಿ ಹಾಲು ಹಾಕಿ ಕಲಸಿ ಬೇಯಿಸಿ ತಂದ ದಶಮಿ ರೊಟ್ಟಿಯೊಳಗೆ ಕೈಯಾಡಿಸಿದ. ಅತ್ತೆಯವರು ಆ ಗಂಟಿನ ಕಡೆ ಮತ್ತೆ ನೋಡಲಿಲ್ಲ. ಬಾಳೆಹಣ್ಣು ಸಿಕ್ಕವು, ದೇವರು ದೊಡ್ಡವನು.

ನಾವು ಇಳಿದ ಮಾರ್ಮಗೋವಾ ಎಂದರೆ ಸಾಹೇಬರು ಹವೆ ಬದಲಿಸಲು ಬರುವ ಊರು. ಶಾಲಾ ಮಾಸ್ತರರಾದ ನಮ್ಮ ಮನೆಯವರು ಹಳೆಯ ಕೋಟೆ ತೋರಿಸುತ್ತ ಪೋರ್ತುಗೀಜರ ಇತಿಹಾಸ ಶುರುಮಾಡಿದರು. ಅತ್ತೆಯವರು ಭಾವಿ ಎಲ್ಲಿದೆ ಎಂದು ಕೇಳಿದರು. ಬಾಡಿಗೆ ಮನೆಯ ಭಾವಿನೀರು ಸಿಹಿಯಾಗಿತ್ತು. ಉಳಿದದ್ದಕ್ಕೆಲ್ಲ ಮೀನಿನ ವಾಸನೆ. ಜೋಳ ಕೇಳಿದರೆ ಅಂಗಡಿಯವನು ನಕ್ಕ.

ನಿಜವಾದ ತಾಪತ್ರಯ ಆಮೇಲೆ ಬಂತು. ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವಕಾಲ ಬಿಟ್ಟು ಸಮುದ್ರ ಮುಟ್ಟಬಾರದು. ಮನೆಯವರು ಅಮಾವಾಸ್ಯೆಯನ್ನು ಬಾಯಿಲೆಕ್ಕದಲ್ಲೇ ಹಿಡಿದು ರಜೆ ಹಾಕಿದ್ದರು; ಪಂಚಾಂಗ ತೆರೆದರೆ ಅದು ಮರಳಿ ಹೊರಡುವ ದಿನಕ್ಕೆ ಬಿದ್ದಿತ್ತು.

“ಕಾಲು ನೋಯ್ತಾವಂತ ಧರ್ಮ ಬಿಡ್ಲೇನು?” ಎಂದರು ಅತ್ತೆಯವರು. ಪಂಚಾಂಗ ಬರೆದವಳು ನಾನೇ ಎಂಬಂತೆ ಮನೆಯವರು ನನ್ನನ್ನು ನೋಡಿದರು.

ಒಣ ಮರಳು ಸಮುದ್ರವಲ್ಲ ಎಂದು ವಾದಿಸಿ ಅವರನ್ನು ಒಪ್ಪಿಸಿದ್ದಾಯಿತು. ದಿನಾಲೂ ಬಿಸಿ ಮರಳಿನಲ್ಲಿ ಅವರ ಮೊಣಕಾಲು ಹೂತು, ಕೊಡೆ ಹಿಡಿದು ನಿಲ್ಲುವುದೇ ನನ್ನ ಪ್ರವಾಸವಾಯಿತು. ಅವರೇ ಮುಟ್ಟದ ನೀರನ್ನು ನಾನು ಮುಟ್ಟುವುದುಂಟೇ?

ಹೊರಡುವ ಮುನ್ನಾದಿನವೂ ಅದೇ ಜಾಗ. ಘಟಪ್ರಭೆ ಹೊಳೆ ಕಂಡವರಿಗೆ ದಂಡೆ ಎಂದರೆ ಇದ್ದಲ್ಲೇ ಇರುವ ದಂಡೆ. ಅಮಾವಾಸ್ಯೆ ಹತ್ತಿರವಾದಂತೆ ಕಡಲು ಮೇಲೇರುತ್ತದೆಂದು ನಮಗೆ ಯಾರು ಹೇಳಬೇಕು? ಮಧ್ಯಾಹ್ನದ ಹೊತ್ತಿಗೆ ದೊಡ್ಡದೊಂದು ತೆರೆ ಬಂತು. ನಾನು ಪಕ್ಕದಲ್ಲಿ ಮಡಚಿಟ್ಟಿದ್ದ ಅವರ ಒಣಸೀರೆ ಎತ್ತಿಕೊಂಡು ಮೇಲಕ್ಕೆ ಓಡಿದೆ. ತಿರುಗಿ ನೋಡಿದರೆ ಕೊಡೆ ತೇಲಿಹೋಗುತ್ತಿತ್ತು, ಅತ್ತೆಯವರು ಸೊಂಟದವರೆಗೆ ನೀರಿನಲ್ಲಿದ್ದರು. ಮನೆಯವರು ಓಡಿಬಂದು ಅವರ ರಟ್ಟೆ ಹಿಡಿದು ಜಗ್ಗುತ್ತಿದ್ದರು.

“ಬಿಡೋ ಕೈ. ನಾ ಮುಟ್ಟಿಲ್ಲ, ಸಮುದ್ರರಾಜ ತಾನ ಬಂದಾನ. ಬಂದಾಂವಗ ಬ್ಯಾಡ ಅನ್ಲಿಕ್ಕೆ ನಾ ಯಾರು?”

ಕೈ ಮುಗಿದುಕೊಂಡು, ನೀರು ತಾನಾಗಿ ಇಳಿಯುವವರೆಗೆ ಅಲ್ಲೇ ಕೂತರು. ಕೊಡೆ ಹೋಯಿತು, ಅತ್ತೆ ಉಳಿದರು.

ಮರುದಿನ ನಸುಕಿನಲ್ಲಿ ಗಂಟುಗಳ ಸಮೇತ ಸ್ಟೇಶನ್ನಿಗೆ ಬಂದೆವು. “ಅವ್ವಾ, ಇವತ್ತ ಖರೇನ ಪರ್ವ. ಎತಗೊಂಡು ಹೋಗ್ಲೇನು?” ಎಂದರು ಮನೆಯವರು.

“ನಂದು ಆಗೇದ. ಅಕೀನ್ನ ಕಳಸು. ಇಷ್ಟ ದಿನ ನನ್ನ ಕಾಲ ಹೂತಾಳ, ಒಂದ ಹನಿ ಮುಟ್ಟಿಲ್ಲ. ನಾ ಗಂಟು ಕಾಯ್ತೇನಿ,” ಎಂದು ಅತ್ತೆಯವರು ಗಂಟುಗಳ ನಡುವೆ ನೆಲಕ್ಕೇ ಕೂತರು.

ನನಗೆ ಬೇಕಾದಾಗಲೇ ಸಮುದ್ರ ದೂರ ಸರಿದಿತ್ತು. ಹಸಿ ಮರಳಿನಲ್ಲಿ ಓಡಿದೆ. ಮೂರನೆಯ ಮುಳುಗಿಗೆ ಗಾಡಿ ಸಿಳ್ಳು ಹಾಕಿತು. ನೀರು ಕುಡಿದು ಭಾರವಾದ ಇಳಕಲ್ ಸೀರೆ ಎತ್ತಿ ಹಿಡಿದು ಮರಳಿ ಓಡಿ ಬಂದರೆ, ಅತ್ತೆಯವರು ಡಬ್ಬಿಯ ಬಾಗಿಲಲ್ಲಿ ನಿಂತಿದ್ದರು. “ಲಗೂ ಹತ್ತ,” ಎಂದು ಕೈ ಚಾಚಿದರು.

ಕಡಲು ಕಣ್ಮರೆಯಾದ ಮೇಲೆ, ಅವ್ವನನ್ನು ನೀವೊಬ್ಬರೇ ನೆಲದಿಂದ ಹೇಗೆ ಎಬ್ಬಿಸಿದಿರಿ ಎಂದು ಮನೆಯವರನ್ನು ಮೆಲ್ಲಗೆ ಕೇಳಿದೆ. ತಾವು ಅಷ್ಟು ಹೊತ್ತೂ ಟಿಕೀಟಿನ ಕಿಟಕಿಯ ಹತ್ತಿರವೇ ಇದ್ದುದಾಗಿ ಹೇಳಿದರು.