ರೇಡಿಯೋ ಸುಮ್ಮನಾದ ಕಾಲ

ಆಕೆಯನ್ನು ಹಳೆಯ ಊರಿನಲ್ಲಿ ಎಲ್ಲರೂ ರೇಡಿಯೋ ಅಂತಲೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಆಕೆಗೆ ಬೇಜಾರಿರಲಿಲ್ಲ. ದೊಡ್ಡಾಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂತು ಜೀವಮಾನವಿಡೀ ಮಾತಾಡಿದ ಹೆಂಗಸು. ಎಕ್ಸ್‌ರೇ ಎಲ್ಲಿ ಅಂತ ಕೇಳಿ ಬಂದವರಿಗೆ ಕೋಣೆಯ ದಾರಿ ಹೇಳಿ, ಯಾವ ಡಾಕ್ಟರು ಸಿಡುಕರು, ಕ್ಯಾಂಟೀನಿನ ಕಾಫಿ ಯಾವ ಹೊತ್ತಿಗೆ ಬಿಸಿಯಿರುತ್ತದೆ ಅನ್ನುವುದನ್ನೂ ಸೇರಿಸಿ ಕಳಿಸುತ್ತಿದ್ದಳು.

ಆಕೆಯ ಯಜಮಾನರು ಇದಕ್ಕೆ ತದ್ವಿರುದ್ಧ. ಲಿಫ್ಟ್ ಮೆಕ್ಯಾನಿಕ್. ಹಗ್ಗ, ಗಾಲಿ, ಗ್ರೀಸುಗಳ ನಡುವೆ ಮಾತಿನ ಹಂಗಿಲ್ಲದ ಕೆಲಸ. ಹುಟ್ಟಿನಿಂದ ಬಂದ ಉಗ್ಗು ಅವರಿಗೆ. ಅವರು ಒಂದು ಮಾತು ಶುರು ಮಾಡಿದರೆ ಆಕೆ ಮುಗಿಸುತ್ತಿದ್ದಳು. ‘ನ-ನನಗೆ ಸ್ವಲ್ಪ...’ ಅನ್ನುವಷ್ಟರಲ್ಲಿ ನೀರಿನ ಲೋಟ ಅವರ ಮುಂದೆ ಬಂದಿರುತ್ತಿತ್ತು. ಅಂಗಡಿ, ಬ್ಯಾಂಕು, ಮಕ್ಕಳ ಶಾಲೆ, ಬೀಗರ ಮನೆ, ಎಲ್ಲ ಕಡೆಯೂ ಆಕೆಯದೇ ಮಾತು. “ನಮ್ಮಿಬ್ಬರಿಗೂ ಸೇರಿ ಒಂದೇ ಬಾಯಿ” ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಇಬ್ಬರೂ ನಿವೃತ್ತರಾದರು, ಮಕ್ಕಳು ಅವರವರ ಸಂಸಾರ ನೋಡಿಕೊಂಡರು. ಆಗ ಅವರ ಚರ್ಚಿನ ಸಭೆಯವರು, ವಯಸ್ಸಾದ ದಂಪತಿಗಳನ್ನು ಬೇರೆ ಬೇರೆ ಊರಿಗೆ ಸೇವೆಗೆ ಕಳಿಸುವವರು, ಇವರನ್ನು ಕೇಳಿದರು. ಒಂದು ಕಾಲೇಜು ಊರು. ಅಲ್ಲಿನ ಪ್ರಾರ್ಥನಾ ಮಂದಿರದ ಬಾಗಿಲು ತೆಗೆದಿಟ್ಟುಕೊಂಡು, ಮನೆ ಬಿಟ್ಟು ಬಂದ ವಿದ್ಯಾರ್ಥಿಗಳ ಕಷ್ಟಸುಖ ವಿಚಾರಿಸಬೇಕು. ಇಂಥ ಕೆಲಸಕ್ಕೆ ರೇಡಿಯೋಗಿಂತ ಬೇರೆ ಯಾರು ಬೇಕು? ಆಕೆ ಕುಣಿದಾಡುತ್ತ ಒಪ್ಪಿಕೊಂಡಳು.

ಹೊರಡುವುದಕ್ಕೆ ಸ್ವಲ್ಪ ಮುಂಚೆ ಆಕೆಯ ಗಂಟಲು ಕಟ್ಟಿತು. ಕಷಾಯ ಕುಡಿದರೂ ಬಿಡಲಿಲ್ಲ. ಡಾಕ್ಟರು ನೋಡಿ, ಧ್ವನಿಪೆಟ್ಟಿಗೆಯಲ್ಲಿ ಸಣ್ಣ ಗಂಟಿದೆ ಅಂದರು. ಅಪಾಯದ್ದಲ್ಲ, ತೆಗೆದರಾಯಿತು. ತೆಗೆದೂ ಆಯಿತು. ಆಮೇಲೆ ಹೇಳಿದ ಮಾತೇ ಆಕೆಯ ಎದೆ ಒಡೆದದ್ದು.

“ಎರಡು ತಿಂಗಳು ಮಾತು ಬೇಡ ಅಮ್ಮ. ಪಿಸುಮಾತೂ ಬೇಡ. ಅದು ಇನ್ನೂ ಕೆಟ್ಟದ್ದು.”

ಪ್ರಯಾಣ ಮುಂದಕ್ಕೆ ಹಾಕೋಣ ಅಂತ ಆಕೆ ಸ್ಲೇಟಿನ ಮೇಲೆ ಬರೆದು ತೋರಿಸಿದಳು. ಯಜಮಾನರು ಓದಿ, ತಲೆಯಾಡಿಸಿ, “ಬೇ-ಬೇಡ. ಹೋ-ಹೋಗೋಣ. ನಾ-ನಾನಿದೀನಲ್ಲ” ಅಂದರು. ಆಕೆಗೆ ನಗು ಬಂತು. ಆಮೇಲೆ ಅವರ ಮುಖ ನೋಡಿ ನಗು ನಿಂತಿತು. ಅವರು ತಮಾಷೆ ಮಾಡಿರಲಿಲ್ಲ.

ಹೊಸ ಊರಿನಲ್ಲಿ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ ಅವರ ಮನೆ. ಬೀದಿ ಇಳಿಜಾರು. ಬೆಳಗಾದರೆ ವಿದ್ಯಾರ್ಥಿಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಪೆಡಲ್ ತುಳಿಯದೇ ಜರ್ರನೆ ಇಳಿದುಹೋಗುತ್ತಿದ್ದರು. ಸಂಜೆ ಅದೇ ಸೈಕಲ್ ತಳ್ಳಿಕೊಂಡು ಏದುಸಿರು ಬಿಡುತ್ತ ಹತ್ತುತ್ತಿದ್ದರು. ಪ್ರಾರ್ಥನಾ ಮಂದಿರ ಬೀದಿಯ ತುದಿಯಲ್ಲಿತ್ತು. ಮಡಚುವ ಕುರ್ಚಿಗಳು, ಬಣ್ಣ ಏಳುತ್ತಿದ್ದ ಗೋಡೆ, ಕಿರುಗುಟ್ಟುವ ಫ್ಯಾನು. ಭಾನುವಾರ ಬರುವವರನ್ನು ಬೆರಳಲ್ಲಿ ಎಣಿಸಿದರೂ ಬೆರಳು ಮಿಗುತ್ತಿತ್ತು.

ಮೊದಲ ದಿನ ಬೇಕರಿಗೆ ಹೋದಾಗ ಆಕೆಗೆ ಪ್ರಾಣ ಹೋದಂತಾಯಿತು. ಯಜಮಾನರು “ಬ್ರೆ-ಬ್ರೆ-ಬ್ರೆ...” ಅನ್ನುತ್ತ ನಿಂತರು. ಹಿಂದೆ ಸಾಲು ಬೆಳೆಯಿತು. ಯಾರೋ ಲೊಚಗುಟ್ಟಿದರು. ಆಕೆಯ ನಾಲಿಗೆಯ ಮೇಲೆ ಇರುವೆ ಹರಿದಾಡಿದ ಹಾಗೆ! ಬ್ರೆಡ್ಡಿನ ಕಡೆ ಕೈ ತೋರಿಸಲು ಹೋದಳು. ಯಜಮಾನರು ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿ, “ಬ್ರೆಡ್ಡು” ಅಂದರು. ಬೇಕರಿಯಾಕೆ ಏನೂ ಆಗದವಳ ಹಾಗೆ ಕಟ್ಟಿ ಕೊಟ್ಟಳು.

ಮಾರನೇ ವಾರ ಅವರು ಅದೇ ಬೇಕರಿಯಾಕೆಗೆ ಒಂದು ಜೋಕು ಹೇಳಿದರು. ಮದುಮಗ ಮದುವೆಯ ದಿನ ಲಿಫ್ಟಿನಲ್ಲಿ ಸಿಕ್ಕಿಕೊಂಡ ಕಥೆ. ಅದು ತುಂಬ ಹೊತ್ತು ಹಿಡಿಯಿತು. ಎಲ್ಲರಿಗಿಂತ ಮುಂಚೆ ನಗಬೇಕಾದ ಹೆಂಡತಿಯೇ ಬಾಯಿ ತೆರೆದುಕೊಂಡು ನಿಂತಿದ್ದಳು, ಏಕೆಂದರೆ ಆ ಕಥೆಯನ್ನು ಆಕೆ ಕೇಳಿರಲೇ ಇಲ್ಲ. ಬೇಕರಿಯಾಕೆ ಕೌಂಟರ್ ಹಿಡಿದುಕೊಂಡು ನಕ್ಕಳು. “ಅಯ್ಯೋ ಅಂಕಲ್, ಹೊಟ್ಟೆ ಹುಣ್ಣಾಯ್ತು!” ನಾಲ್ಕು ದಶಕ ಸಂಸಾರ ಮಾಡಿದ್ದೇನೆ, ಈ ಮನುಷ್ಯನಿಗೆ ಜೋಕು ಹೇಳಲು ಬರುತ್ತದೆ ಅಂತ ನನಗೇ ಗೊತ್ತಿಲ್ಲವಲ್ಲ ಅಂದುಕೊಳ್ಳುತ್ತ ಆಕೆ ಮನೆಯ ಏರು ಹತ್ತಿದಳು.

ಆದರೆ ವಿದ್ಯಾರ್ಥಿಗಳು ಮಾತ್ರ ಮಂದಿರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗಂಡ ಹೆಂಡತಿ ದಿನಾ ಮಧ್ಯಾಹ್ನ ಬಾಗಿಲು ತೆಗೆದು, ಫ್ಲಾಸ್ಕಿನ ತುಂಬ ಕಾಫಿ ಇಟ್ಟುಕೊಂಡು ಕಾಯುವುದು, ಆಮೇಲೆ ತಾವೇ ಕುಡಿದು ಮುಗಿಸುವುದು.

ಒಂದು ದಿನ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಳು. ಲೈಬ್ರರಿಯಲ್ಲಿ ರಿಪೇರಿ ನಡೆಯುತ್ತಿತ್ತು.

“ಇ-ಇಲ್ಲಿ ಸ್ವಲ್ಪ ಹೊ-ಹೊತ್ತು ಕೂ-ಕೂತ್ಕೋಬಹುದಾ?”

ಯಜಮಾನರು ಸಂಭ್ರಮದಿಂದ ಎದ್ದರು. “ಬ-ಬನ್ನಿ ಬನ್ನಿ! ಕೂ-ಕೂ-ಕೂ...”

ಹುಡುಗಿಯ ಮುಖ ಕೆಂಪಗಾಯಿತು. “ವ-ವಯಸ್ಸಾದೋರು ನೀವು. ನಾ-ನಾಚಿಕೆ ಆಗಲ್ವಾ ಅ-ಅಣಕಿಸೋಕೆ?” ಅಂದವಳೇ ದಡದಡನೆ ಹೊರಟುಹೋದಳು.

ಯಜಮಾನರು ಕಲ್ಲಾಗಿ ನಿಂತರು. ಆಕೆ ನಿಲ್ಲಲಿಲ್ಲ. ಚಪ್ಪಲಿ ಒಂದು ಕಡೆ, ಸ್ಲೇಟು ಒಂದು ಕಡೆ ಬಿಟ್ಟು ಬೀದಿಗೆ ಓಡಿದಳು. ಹುಡುಗಿ ಆಗಲೇ ಇಯರ್‌ಫೋನ್ ಹಾಕಿಕೊಂಡು ಮುಂದೆ ಮುಂದೆ. ಕೂಗುವ ಹಾಗಿಲ್ಲ. ಚಪ್ಪಾಳೆ ತಟ್ಟಿದಳು, ಕೇಳಲಿಲ್ಲ. ಸೈಕಲ್ ಅಂಗಡಿಯ ಮುಂದೆ ಬಂದಾಗ, ಸಾಲಾಗಿ ನಿಲ್ಲಿಸಿದ್ದ ಸೈಕಲ್‌ಗಳ ಬೆಲ್ಲನ್ನು ಒಂದಾದ ಮೇಲೊಂದು, ಎರಡೂ ಕೈಯಲ್ಲಿ, ಮನೆಗೆ ಬೆಂಕಿ ಬಿದ್ದವರ ಹಾಗೆ ಬಾರಿಸತೊಡಗಿದಳು. ಇಡೀ ಬೀದಿ ತಿರುಗಿ ನೋಡಿತು. ಅಂಗಡಿಯವನು ಸ್ಪ್ಯಾನರ್ ಹಿಡಿದು ಹೊರಗೆ ಬಂದ. ಹುಡುಗಿಯೂ ತಿರುಗಿದಳು.

ಆಕೆ ತನ್ನ ಗಂಟಲು ತೋರಿಸಿದಳು, ಕೈ ಮುಗಿದಳು, ಹಿಂದೆ ಓಡಿಬರುತ್ತಿದ್ದ ಗಂಡನನ್ನು ತೋರಿಸಿದಳು. ಮುದುಕಿಗೆ ತಲೆ ಕೆಟ್ಟಿದೆ ಅಂತ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಯಜಮಾನರು ಏದುಸಿರು ಬಿಡುತ್ತ ಬಂದು ಮುಟ್ಟಿದರು.

“ಅ-ಅಣಕ ಅಲ್ಲಮ್ಮ. ನ-ನಂದೂ ನಿ-ನಿಂದೂ ಒಂ-ಒಂದೇ ಕಂ-ಕಂಪನಿ.”

ಹುಡುಗಿ ಅವರನ್ನೇ ನೋಡಿದಳು. ಅವರ ದವಡೆ ನಡುಗುವುದು, ಕಣ್ಣು ಮುಚ್ಚಿಕೊಳ್ಳುವುದು, ಎಲ್ಲ ಅವಳಿಗೆ ಗೊತ್ತಿದ್ದದ್ದೇ. ಯಾರೂ ಅದನ್ನು ನಟಿಸಲಾರರು.

“ಮ-ಮತ್ತೆ ಇ-ಇವರು?” ಅಂತ ಆಕೆಯ ಕಡೆ ತೋರಿಸಿದಳು.

“ಇ-ಇವಳು ನನ್ನ ಹೆ-ಹೆಂಡತಿ. ಮಾ-ಮಾತಾಡೋ ಹಾಗಿಲ್ಲ, ಡಾ-ಡಾಕ್ಟ್ರು ಬಾ-ಬಾಯಿಗೆ ಬೀಗ ಹಾಕಿದಾರೆ. ನ-ನನಗೆ ಈಗ ರ-ರಜಾ ಸಿಕ್ಕಿದೆ.”

ಹುಡುಗಿ ನಕ್ಕಳು. ಅಂಗಡಿಯವನೂ ನಕ್ಕ. ಆಕೆ ಗಂಡನ ಭುಜಕ್ಕೊಂದು ಗುದ್ದು ಕೊಟ್ಟಳು, ಆದರೆ ಆಕೆಯ ಕಣ್ಣು ತುಂಬಿತ್ತು.

ಆ ಸಂಜೆ ಮೂವರೂ ಕೂತು ಫ್ಲಾಸ್ಕ್ ಖಾಲಿ ಮಾಡಿದರು. ಹುಡುಗಿ ಎರೆಹುಳುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಇಷ್ಟರಲ್ಲೇ ವೈವಾ ಇತ್ತು. ತುಂಬಿದ ಸಭಾಂಗಣದಲ್ಲಿ ನಿಂತು ಪರೀಕ್ಷಕರ ಪ್ರಶ್ನೆಗೆ ಉತ್ತರ ಕೊಡಬೇಕು. ಉತ್ತರ ಬರೆದು ಕೊಡು, ಬೇರೆಯವರು ಓದುತ್ತಾರೆ, ನಾನು ವಿನಾಯಿತಿ ಕೊಡಿಸುತ್ತೇನೆ ಅಂತ ಗೈಡ್ ಹೇಳಿದ್ದರು. ಅವಳಿಗೆ ಅದು ಬೇಡವಾಗಿತ್ತು. ಐದು ವರ್ಷ ಮಣ್ಣಲ್ಲಿ ಕೈಯಾಡಿಸಿದವಳು ನಾನು, ಹೇಳಬೇಕಾದವಳೂ ನಾನೇ ಅಂದಳು.

“ಹಾ-ಹಾಗಾದ್ರೆ ಇ-ಇಲ್ಲೇ ಅಭ್ಯಾಸ ಮಾ-ಮಾಡು. ನಾ-ನಾವು ಕೇಳ್ತೀವಿ” ಅಂದರು ಯಜಮಾನರು.

ಖಾಲಿ ಕುರ್ಚಿಗಳಿಗೆ ಎರೆಹುಳುವಿನ ಪಾಠ ಶುರುವಾಯಿತು. ಕೆಲವು ದಿನಕ್ಕೆ ಅವಳು ಗಣಿತದ ಮೇಷ್ಟ್ರೊಬ್ಬರನ್ನು ಕರೆತಂದಳು. ಉಗ್ಗಿಗೆ ಹೆದರಿ ಬೋರ್ಡಿಗೆ ಮುಖ ಮಾಡಿಯೇ ಪಾಠ ಮುಗಿಸುವವರು. ಮೇಷ್ಟ್ರು ಹಾಸ್ಟೆಲಿನ ಅಡುಗೆಯವನನ್ನು ಕರೆತಂದರು. ಬರುಬರುತ್ತ ಉಗ್ಗಿಲ್ಲದವರೂ ಬಂದರು. ಪರೀಕ್ಷೆಯಲ್ಲಿ ಬಿದ್ದವರು, ಮನೆ ನೆನಪಾಗಿ ಅಳು ಬಂದವರು, ಹೇಳಿಕೊಳ್ಳಲು ಯಾರೂ ಇಲ್ಲದವರು. ಆ ಕೋಣೆಯಲ್ಲಿ ಯಾರಿಗೂ ಅವಸರವಿರಲಿಲ್ಲ. ಯಜಮಾನರು ಇಟ್ಟ ನಿಯಮ ಒಂದೇ: ಇಲ್ಲಿ ಯಾರ ಮಾತನ್ನೂ ಇನ್ನೊಬ್ಬರು ಮುಗಿಸಬಾರದು.

ಆ ನಿಯಮ ಕೇಳಿದ ದಿನ ಆಕೆಗೆ ಊಟ ಸೇರಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ಸ್ಲೇಟಿನಲ್ಲಿ ಬರೆದಳು: ‘ನಾನು ಮುಗಿಸುತ್ತಿದ್ದಾಗ ಕೋಪ ಬರುತ್ತಿತ್ತಾ?’

ಯಜಮಾನರು ಯೋಚಿಸಿದರು. “ಕೋ-ಕೋಪ ಅಲ್ಲ ಕಣೇ. ನೀ-ನೀನು ಪ್ರೀ-ಪ್ರೀತಿಗೇ ಮಾಡ್ತಿದ್ದೆ, ಗೊ-ಗೊತ್ತು. ಆ-ಆದ್ರೆ ಅ-ಅರ್ಧ ಸಲ ನಾ-ನಾನು ಹೇ-ಹೇಳೋಕೆ ಹೊರಟದ್ದು ಬೇ-ಬೇರೆ.”

‘ನೀರು?’ ಅಂತ ಬರೆದಳು.

“ಕಾ-ಕಾಫಿ” ಅಂದರು ಅವರು.

ಆಕೆ ಸದ್ದಿಲ್ಲದೆ ನಕ್ಕು ನಕ್ಕು ಅತ್ತಳು. ಆಮೇಲೆ ಎದ್ದು ಹೋಗಿ ಕಾಫಿಗೆ ಇಟ್ಟಳು.

ವೈವಾದ ಹೊತ್ತಿಗೆ ಡಾಕ್ಟರು ಬೀಗ ತೆಗೆದಿದ್ದರು. ಧ್ವನಿ ಸ್ವಲ್ಪ ಒರಟಾಗಿತ್ತು, ಆದರೂ ಆಕೆಯದೇ. ಸಭಾಂಗಣದ ಮೂರನೇ ಸಾಲಿನಲ್ಲಿ ಗಂಡ ಹೆಂಡತಿ, ಮೇಷ್ಟ್ರು, ಅಡುಗೆಯವನು, ಬೇಕರಿಯಾಕೆ ಎಲ್ಲ ಕೂತಿದ್ದರು. ಹುಡುಗಿ ಪ್ರಶ್ನೆಗಳಿಗೆ ತನ್ನದೇ ನಿಧಾನದಲ್ಲಿ ಉತ್ತರಿಸುತ್ತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಎರಡು ಸಲ ಗಡಿಯಾರ ನೋಡಿದರು. ಹುಳುಗಳು ಆಳಕ್ಕೆ ಇಳಿಯುವುದು ಏಕೆ ಅನ್ನುವಲ್ಲಿ ಅವಳು ಒಂದು ಪದದಲ್ಲಿ ಸಿಕ್ಕಿಕೊಂಡಾಗ ಅವರಿಗೆ ತಡೆಯಲಾಗಲಿಲ್ಲ.

“ತೇವಕ್ಕೋಸ್ಕರ. ಅಷ್ಟೇ ತಾನೇ?”

ಹುಡುಗಿ ನೀರು ಕುಡಿದು ಲೋಟ ಕೆಳಗಿಟ್ಟಳು. “ಅ-ಅಲ್ಲ ಸಾರ್. ನ-ನನ್ನ ವಾ-ವಾಕ್ಯ ನಾ-ನಾನೇ ಮು-ಮುಗಿಸ್ತೀನಿ. ಉ-ಉ-ಉಷ್ಣತೆ. ತೇ-ತೇವ ಎ-ಎರಡನೇ ಕಾರಣ. ಚಾ-ಚಾರ್ಟು ನೋ-ನೋಡಿ.”

ಪರೀಕ್ಷಕರು ಕನ್ನಡಕ ತೆಗೆದು, ಚಾರ್ಟು ನೋಡಿ, “ಕ್ಷಮಿಸಮ್ಮ. ಮುಂದುವರಿಸು” ಅಂದರು. ಆಮೇಲೆ ಗಡಿಯಾರ ನೋಡಲಿಲ್ಲ.

ಡಾಕ್ಟರೇಟ್ ಕೊಟ್ಟೆವು ಅಂತ ಘೋಷಿಸಿದಾಗ ಮೂರನೇ ಸಾಲಿನಿಂದ ಒಂದು ಕೂಗು ಎದ್ದಿತು. ಎರಡು ತಿಂಗಳು ಕೂಡಿಟ್ಟ ಅಷ್ಟೂ ಧ್ವನಿ ಒಮ್ಮೆಗೇ ಹೊರಬಂದಂತೆ: “ಭೇಷ್ ಮಗಳೇ!” ವೇದಿಕೆಯ ಮೇಲಿದ್ದವರು ಬೆಚ್ಚಿಬಿದ್ದರು. ಮರುಕ್ಷಣ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಆ ಭಾನುವಾರ ಮಂದಿರದಲ್ಲಿ ಕುರ್ಚಿ ಸಾಲದೆ ಬೇಕರಿಯಿಂದ ಸ್ಟೂಲು ತರಿಸಬೇಕಾಯಿತು. ಭಾನುವಾರದ ಆರಾಧನೆ ನಡೆಸಲು ಬರುತ್ತಿದ್ದ ಸಭಾಪಾಲಕರು ಆಕೆಯ ಹತ್ತಿರ ಬಂದು, “ಅಮ್ಮ, ಧ್ವನಿ ಬಂತಲ್ಲ, ಇವತ್ತು ನೀವೇ ನಾಲ್ಕು ಮಾತಾಡಿ” ಅಂದರು.

“ಇಲ್ಲ ಪಾಸ್ಟರೇ” ಅಂದಳು ಆಕೆ. “ಇವರು ಮಾತಾಡ್ತಾರೆ.”

ಯಜಮಾನರು ಎದ್ದುಹೋಗಿ ಮೇಜು ಹಿಡಿದು ನಿಂತರು. ನಡುವೆ ನಿಂತುಹೋದ ಲಿಫ್ಟಿನೊಳಗೆ ಕತ್ತಲಲ್ಲಿ ಸಿಕ್ಕಿಕೊಂಡವರ ಬಗ್ಗೆ ಹೇಳಿದರು. ಒಳಗಿರುವವರಿಗೆ ಮೊದಲು ಬೇಕಾದದ್ದು ಸ್ಪ್ಯಾನರ್ ಅಲ್ಲ, ಹೊರಗೆ ಯಾರೋ ಇದ್ದಾರೆ, ನಮ್ಮನ್ನು ಬಿಟ್ಟು ಹೋಗುವುದಿಲ್ಲ ಅನ್ನುವ ಧೈರ್ಯ ಅಂದರು. ಉಗ್ಗುತ್ತಲೇ ಆ ಮಾತನ್ನು ನಾನು ಬಾಗಿಲ ಸಂದಿಯಿಂದ ಸಾವಿರ ಸಲ ಹೇಳಿದ್ದೇನೆ, ದೇವರು ನನಗೂ ಹಾಗೇ ಹೇಳುತ್ತ ಬಂದಿದ್ದಾನೆ ಅಂದರು. ಒಂದು ಪದಕ್ಕೆ ಸಿಕ್ಕಿಕೊಂಡು ಎಷ್ಟು ಹೊತ್ತು ನಿಂತರೆಂದರೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಯಾರೂ ಅನ್ನಲಿಲ್ಲ. ಪದ ಬಂತು. ಅದು ಆಕೆ ಊಹಿಸಿದ ಪದವಾಗಿರಲಿಲ್ಲ. ಅದಕ್ಕಿಂತ ಚೆನ್ನಾಗಿತ್ತು.

ಸೇವೆಯ ಅವಧಿ ಮುಗಿಯುತ್ತ ಬಂದಾಗ, ಇವರನ್ನು ಕಳಿಸಿದ್ದ ಸಭೆಯ ಕಚೇರಿಯವರು ಇನ್ನೊಂದು ಊರಿಗೆ ಕಳಿಸುವ ಮಾತೆತ್ತಿದರು. ಫೋನು ಆಕೆಯ ಪಕ್ಕದಲ್ಲೇ ಇತ್ತು. ಯಜಮಾನರು ಎದ್ದುಬಂದು ಅದನ್ನು ಎತ್ತಿಕೊಂಡರು.

“ನ-ನಮಸ್ಕಾರ. ನಾ-ನಾವು ಎ-ಎಲ್ಲೂ ಬ-ಬರಲ್ಲ. ಇ-ಇಲ್ಲಿ ನಮಗೆ ತುಂ-ತುಂಬಾ ಕೆಲಸ ಇದೆ” ಅಂದರು. ಆ ಕಡೆಯವರು ಏನೋ ಹೇಳಿರಬೇಕು. ಅವರು ನಗುತ್ತ, ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತು, ಮಾತು ಮುಂದುವರಿಸಿದರು.