ಎರಡು ಉರಿಗೆ ಒಂದೇ ಚೀಟಿ

ಉಗ್ರಾಣದ ಗುಮಾಸ್ತ ಆ ಪೀಪಾಯಿಯ ಮೇಲೆ ಕೂತದ್ದು ಹೆಚ್ಚೆಂದರೆ ಎರಡು ನಿಮಿಷ. ಮುಚ್ಚಳದ ಮೇಲೆ ಏನೋ ಜಿನುಗಿತ್ತು, ಮೊದಲು ತಣ್ಣಗನಿಸಿತು, ಆಮೇಲೆ ಬೆಚ್ಚಗನಿಸಿತು, ಅದಾದ ಮೇಲೆ ಏನನಿಸಿತು ಎಂದು ಯೋಚಿಸಲು ಪುರಸೊತ್ತಿರಲಿಲ್ಲ. ಎದ್ದು ನೋಡಿಕೊಂಡರೆ ಪ್ಯಾಂಟಿನ ಹಿಂಭಾಗ ಜರಡಿಯಾಗಿತ್ತು. ಕಾರ್ಖಾನೆ ನೋಡಲು ಬಂದಿದ್ದ ಆರು ಜನ ಅತಿಥಿಗಳು ಸರಿಯಾಗಿ ಆಗಲೇ ಬಾಗಿಲಲ್ಲಿ ನಿಂತಿದ್ದರು. ರಿಜಿಸ್ಟರನ್ನು ಹಿಂದಕ್ಕೆ ಒತ್ತಿ ಹಿಡಿದು, ಎಲ್ಲರಿಗೂ ಹಲ್ಲು ಕಿರಿಯುತ್ತ, ಗೋಡೆಗುಂಟ ಏಡಿಯಂತೆ ಅಡ್ಡಡ್ಡ ಸರಿದುಹೋದ. ಬೆನ್ನು ತೋರಿಸುವುದು ಹೇಡಿಯ ಲಕ್ಷಣ ಎನ್ನುತ್ತಾರೆ. ತೋರಿಸದೆ ಇರುವುದಕ್ಕೆ ಎಷ್ಟು ಧೈರ್ಯ ಬೇಕೆಂದು ಹಾಗೆ ಹೇಳಿದವರಿಗೇನು ಗೊತ್ತು.

ಅವನನ್ನು ಹದಿನೈದು ನಿಮಿಷ ನಲ್ಲಿಯ ಕೆಳಗೆ ನಿಲ್ಲಿಸಿದ್ದು ಅವನ ಅತ್ತಿಗೆ. ಇಬ್ಬರದೂ ಒಂದೇ ಮನೆ, ಒಂದೇ ಕಾರ್ಖಾನೆ. ಅವನು ರಾಸಾಯನಿಕಗಳನ್ನು ಎಣಿಸಿ ಇಡುವವನು. ಅವಳು ಅವುಗಳಲ್ಲಿ ಯಾವುದು ಮನುಷ್ಯನಿಗೆ ಏನು ಮಾಡುತ್ತದೆ ಎಂದು ವಿಂಗಡಿಸಿ ಚೀಟಿ ಬರೆಯುವವಳು. ಬಚ್ಚಲಿನ ಬಾಗಿಲಾಚೆ ಗಡಿಯಾರ ನೋಡುತ್ತ ನಿಂತಿದ್ದಳು.

"ಪೀಪಾಯಿ ಮೇಲಿನ ಚೀಟಿ ಓದ್ಲಿಲ್ವಾ?"

"ಓದ್ದೆ ಅತ್ತಿಗೆ. 'ಉರಿಯುತ್ತದೆ' ಅಂತಿತ್ತು. ಇಲ್ಲಿ ಬೆಂಕಿ ಎಲ್ಲಿದೆ, ಕೂತ್ರೆ ಏನಾಗುತ್ತೆ ಅಂತ ಕೂತೆ."

"ಅದು ಆ ಉರಿ ಅಲ್ಲ."

"ಯಾವ ಉರಿ ಅಂತ ಈಗ ಗೊತ್ತಾಯ್ತು ಬಿಡಿ."

"ಇನ್ನೂ ಎಂಟು ನಿಮಿಷ ಇದೆ. ಅಲ್ಲೇ ಇರು."

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಅಪಾಯಮ್ಮ ಎಂದು. ಚೀಟಿಯ ನೆತ್ತಿಯ ಮೇಲೆ ಎರಡರಲ್ಲಿ ಒಂದು ಪದ ಹಾಕಬೇಕು: ಒಂದಿಷ್ಟು ಕೆಟ್ಟದ್ದಾದರೆ 'ಎಚ್ಚರಿಕೆ', ತೀರಾ ಕೆಟ್ಟದ್ದಾದರೆ 'ಅಪಾಯ'. ಮಾರಾಟದವರು ಬಂದು, "ಅಕ್ಕ, ಇದನ್ನ ಎಚ್ಚರಿಕೆಗೆ ಇಳಿಸಿ, ಗಿರಾಕಿ ಹೆದರ್ತಾರೆ" ಎಂದು ಗೋಗರೆಯುತ್ತಿದ್ದರು. "ಹೆದರ್ಲಿ ಅಂತಾನೇ ಬರೆಯೋದು" ಎಂದು ಅವಳು ತಲೆಯೆತ್ತದೆ ಹೇಳುತ್ತಿದ್ದಳು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪ್ರಯೋಗಶಾಲೆಯ ಸೀಸೆ ತೊಳೆಯಲು ಬಂದವಳು ಅವಳು. ಅಲ್ಲಿದ್ದ ಮುದಿ ರಸಾಯನ ಮೇಷ್ಟ್ರು ಅವಳಿಗೆ ವಿಂಗಡಣೆಯ ಕೆಲಸ ಕಲಿಸಿದರು: ಇದು ಹೊತ್ತಿಕೊಳ್ಳುತ್ತದೆಯೇ, ಚರ್ಮ ತಿನ್ನುತ್ತದೆಯೇ, ಉಸಿರಿಗೆ ಹೋದರೆ ಏನು, ಹೊಟ್ಟೆಗೆ ಹೋದರೆ ಏನು, ಇವತ್ತು ಸುಮ್ಮನಿದ್ದು ಇಪ್ಪತ್ತು ವರ್ಷದ ಮೇಲೆ ಕಚ್ಚುತ್ತದೆಯೇ. ಇಷ್ಟೆಲ್ಲ ಕಲಿಸಿದ ಮೇಷ್ಟ್ರು ತಾವು ಮಾತ್ರ ಕೈಯ ಗ್ರೀಸನ್ನು ದಿನವೂ ದ್ರಾವಕದಲ್ಲೇ ತೊಳೆಯುತ್ತಿದ್ದರು. "ಇಷ್ಟು ವರ್ಷ ಏನೂ ಆಗಿಲ್ಲ" ಎನ್ನುತ್ತಿದ್ದರು. ನಿವೃತ್ತಿಯ ದಿನ ಕಾಗದಕ್ಕೆ ಸಹಿ ಹಾಕಲು ಅವರ ಕೈಯಲ್ಲಿ ಪೆನ್ನು ನಿಲ್ಲಲಿಲ್ಲ. ಅವಳೇ ಅವರ ಮಣಿಕಟ್ಟು ಹಿಡಿದುಕೊಂಡು ಸಹಿ ಹಾಕಿಸಿದಳು. 'ಏನೂ ಆಗಿಲ್ಲ' ಎಂಬ ಮಾತು ಕೇಳಿದರೆ ಅವಳ ದವಡೆ ಬಿಗಿಯುವುದು ಅಂದಿನಿಂದ.

ಮನೆಯಲ್ಲೂ ಅವಳದು ಇದೇ ಪರಿಪಾಠ. ಅತ್ತೆಯ ಮಂಡಿನೋವಿನ ಎಣ್ಣೆಗೂ ಬಚ್ಚಲು ತೊಳೆಯುವ ಸೀಸೆಗೂ ಅವಳ ದುಂಡಕ್ಷರದ ಚೀಟಿ. "ನನ್ನ ದೊಡ್ಡ ಮಗನಿಗೂ ಒಂದು ಅಂಟಿಸಿಬಿಡೇ" ಎಂದು ಅತ್ತೆ ಒಮ್ಮೆ ಚುಚ್ಚಿದಾಗ, "ಅವರಿಗೆ ಬೇಡ ಅತ್ತೆ, ಯಾವುದರ ಜೊತೆಗೂ ಪ್ರತಿಕ್ರಿಯೆ ಇಲ್ಲ" ಅಂದಿದ್ದಳು. ಗಂಡ ಪತ್ರಿಕೆ ಓದುತ್ತಲೇ ಇದ್ದ.

ಇಂಥವಳ ತಲೆ ಕೆಡಿಸಿದ್ದು ಒಂದೇ ಒಂದು ಪದ. ಅವಳು ಮುದ್ರಣಕ್ಕೆಂದು ಬರೆದುಕೊಟ್ಟದ್ದು ಎರಡು ಬಗೆಯ ಚೀಟಿ. ಒಂದರಲ್ಲಿ 'ಬೆಂಕಿ ಹೊತ್ತಿಕೊಳ್ಳುತ್ತದೆ', ಇನ್ನೊಂದರಲ್ಲಿ 'ಚರ್ಮವನ್ನು ಸುಡುತ್ತದೆ'. ಮ್ಯಾನೇಜರ್ ಎರಡನ್ನೂ ಹೊಡೆದುಹಾಕಿ, 'ಉರಿಯುತ್ತದೆ' ಎಂದು ಬರೆದು ನಲವತ್ತು ಸಾವಿರ ಚೀಟಿ ಅಚ್ಚು ಹಾಕಿಸಿದ. ಪಕ್ಕದಲ್ಲಿ ಚಿತ್ರವಾದರೂ ಇರಲಿ ಎಂದರೆ, ಓದಲು ಬರುವವರಿಗೆ ಚಿತ್ರವೇಕೆ ಅಂದ. "ಒಲೇನೂ ಉರಿಯುತ್ತೆ, ಗಾಯಾನೂ ಉರಿಯುತ್ತೆ. ಒಂದೇ ಪದದಲ್ಲಿ ಎರಡು ಕೆಲಸ" ಎಂದು ಮೇಲಿನವರ ಮುಂದೆ ಹೇಳಿ ಬೆನ್ನು ತಟ್ಟಿಸಿಕೊಂಡೂ ಬಂದ.

ಅತ್ತಿಗೆ ಆಕ್ಷೇಪಣೆ ಬರೆದಳು. 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಮತ್ತೆ ಬರೆದಳು, ಆ ಪತ್ರ ಕಳೆದುಹೋಯಿತು. ಮೂರನೆಯದಕ್ಕೆ ಸಭೆ ಕರೆದರು. ಒಂದೂವರೆ ಗಂಟೆ ಚೀಟಿಯ ಅಂಟು ಗಟ್ಟಿಯಿದೆಯೇ ಇಲ್ಲವೇ ಎಂದು ಚರ್ಚೆ ನಡೆದು, ಗಟ್ಟಿಯಿದೆ ಎಂದು ತೀರ್ಮಾನವಾಗಿ, ಚಹಾ ಬಂತು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ಹೀಗೆ ಮೂರು ತಿಂಗಳು ಕಳೆಯಿತು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆಂದು, ಈ ಸಲ ಮೈದುನನ ಪ್ಯಾಂಟನ್ನೇ ತೆಗೆದುಕೊಂಡು ಹೋಗಿ ಮ್ಯಾನೇಜರನ ಮೇಜಿನ ಮೇಲೆ ಹರಡಿದಳು. ಗುಮಾಸ್ತ ಬಾಗಿಲ ಸಂದಿಯಲ್ಲಿ ನಿಂತು, ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದ.

ಮ್ಯಾನೇಜರ್ ತೂತುಗಳನ್ನು ಎಣಿಸುವವನಂತೆ ನೋಡಿ, "ಪ್ಯಾಂಟು ಹಳೇದಾ?" ಎಂದು ಕೇಳಿದ.

ಮುಂದಿನ ವಾರ ಮೂರನೇ ಶೆಡ್ಡಿನ ಸೂರಿನ ತೊಲೆ ಬಿರುಕುಬಿಟ್ಟಿತು. ಬೆಸುಗೆ ಹಾಕಲು ಹೊರಗಿನಿಂದ ವೆಲ್ಡರ್ ಬಂದ. ಕಿಡಿ ಹಾರುವ ಕೆಲಸಕ್ಕೆ ಮೊದಲು ಒಂದು ಫಾರಂ ತುಂಬಬೇಕು, ಅದಕ್ಕೆ ಅತ್ತಿಗೆಯ ಸಹಿ ಬೇಕು. ಅವಳು ಅಂದು ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಿದ್ದಳು. ಕಾಯುವ ತಾಳ್ಮೆಯಿಲ್ಲದ ಮ್ಯಾನೇಜರ್ ಫಾರಮನ್ನು ಗುಮಾಸ್ತನ ಕೈಗೆ ಕೊಟ್ಟ.

'ಶೆಡ್ಡಿನಲ್ಲಿ ಬೆಂಕಿ ಹೊತ್ತಿಕೊಳ್ಳುವ ವಸ್ತು ಇದೆಯೇ?' ಎಂಬುದು ಅದರ ನಾಲ್ಕನೇ ಪ್ರಶ್ನೆ. ಗುಮಾಸ್ತ ಪ್ರಾಮಾಣಿಕವಾಗಿ ಹೋಗಿ ನೋಡಿದ. ಇಪ್ಪತ್ತೆಂಟು ಪೀಪಾಯಿ, ಎಲ್ಲದರ ಮೇಲೂ 'ಉರಿಯುತ್ತದೆ'. ಆ ಪದದ ಅರ್ಥ ಅವನಿಗೆ ಈಗ ಮೈಯಾರೆ ಗೊತ್ತಿತ್ತು. ಕುರ್ಚಿಯ ಮೇಲೆ ಇನ್ನೂ ಓರೆಯಾಗಿಯೇ ಕೂರುತ್ತಿದ್ದವನು, ಅನುಭವಸ್ಥನ ಆತ್ಮವಿಶ್ವಾಸದಿಂದ ಬರೆದ: 'ಇಲ್ಲ. ಉರಿಯುವ ವಸ್ತು ಮಾತ್ರ ಇದೆ.' ಕೆಳಗೆ ಸಹಿ ಹಾಕಿದ.

ಮಧ್ಯಾಹ್ನ ಅತ್ತಿಗೆ ಬಂದಾಗ ಫಾರಂ ಶೆಡ್ಡಿನ ಬಾಗಿಲಿಗೆ ತೂಗುತ್ತಿತ್ತು. ಓದಿದಳು. ಒಳಗೆ ವೆಲ್ಡರ್ ಆಗ ತಾನೇ ಏಣಿ ಹತ್ತಿದ್ದ. ಮೊಣಕೈವರೆಗೆ ರಬ್ಬರಿನ ಕೈಗವಸು, ಮೇಲೊಂದು ರಬ್ಬರಿನ ಏಪ್ರನ್. ಕೆಳಗೆ ಇಪ್ಪತ್ತೆಂಟು ಪೀಪಾಯಿ ಥಿನ್ನರ್, ಕಿಡಿ ತಾಕಿದರೆ ಭಗ್ಗೆನ್ನುವಂಥದ್ದು. ಅವುಗಳಲ್ಲೊಂದರ ಮುಚ್ಚಳ ಸಡಿಲವಾಗಿ ವಾಸನೆ ಬಾಗಿಲಿನವರೆಗೂ ಹರಿದಿತ್ತು.

ಅವಳು ಕೂಗಲಿಲ್ಲ. ಒಳಗಿನ ಯಾವ ಗುಂಡಿಯನ್ನೂ ಮುಟ್ಟಲಿಲ್ಲ, ಅದರ ಕಿಡಿಯೊಂದೇ ಸಾಕಿತ್ತು. ಸೀರೆ ಎತ್ತಿಕಟ್ಟಿ ಅಂಗಳದಾಚೆಯ ಮುಖ್ಯ ಸ್ವಿಚ್ಚಿನ ಮನೆಗೆ ಓಡಿ, ಹಿಡಿಕೆಯನ್ನು ಕೆಳಗೆಳೆದಳು. ಅರ್ಧ ಕಾರ್ಖಾನೆ ತೆಪ್ಪಗಾಯಿತು. ಮ್ಯಾನೇಜರನ ಕೋಣೆಯ ಫ್ಯಾನೂ ನಿಂತಿತು.

"ಇಳಿಯಪ್ಪ ಕೆಳಗೆ" ಅಂದಳು ವಾಪಸು ಬಂದು.

"ಯಾಕಕ್ಕ? ಉರಿಯುತ್ತೆ ಅಂತ ಹೇಳಿದ್ರು. ಅದಕ್ಕೇ ಇಷ್ಟೆಲ್ಲ ಹಾಕ್ಕೊಂಡಿದೀನಿ ನೋಡಿ" ಎಂದು ವೆಲ್ಡರ್ ಕೈಗವಸು ತೋರಿಸಿದ.

ಅವಳು ಸಡಿಲವಾಗಿದ್ದ ಮುಚ್ಚಳವನ್ನು ಹುಡುಕಿ, ತಿರುಗಿಸಿ ಬಿಗಿಮಾಡಿದಳು. ಕರೆಂಟು ಹೋದದ್ದೇಕೆಂದು ನೋಡಲು ಓಡಿಬಂದಿದ್ದ ಗುಮಾಸ್ತನಿಗೆ ಆಗ ಎಲ್ಲ ಅರ್ಥವಾಯಿತು. ಅತ್ತಿಗೆ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಅವಳು ಅವನ ಮುಖವನ್ನೂ ನೋಡಲಿಲ್ಲ. ಪೀಪಾಯಿಗಳನ್ನೆಲ್ಲ ಉರುಳಿಸಿ ಅಂಗಳದ ಆಚೆ ತುದಿಗೆ ಸಾಗಿಸುವಷ್ಟರಲ್ಲಿ ಸಂಜೆಯಾಯಿತು. ಅರ್ಧಕ್ಕರ್ಧ ಅವನೇ ಉರುಳಿಸಿದ.

ಮರುದಿನ ಮ್ಯಾನೇಜರ್ ಅವಳಿಗೆ ನೋಟೀಸು ಕೊಟ್ಟು, ಇಬ್ಬರನ್ನೂ ಕೋಣೆಗೆ ಕರೆದ.

"ಐದು ಗಂಟೆ ಕೆಲಸ ನಿಂತಿದೆ. ಏನಾದ್ರೂ ಆಯ್ತಾ? ಏನೂ ಆಗಿಲ್ಲ." ಅತ್ತಿಗೆಯ ದವಡೆ ಬಿಗಿಯಿತು. "ನಿಮ್ಮ ಮೈದುನನ್ನ ನೋಡಿ ಕಲೀರಿ. ಫಾರಂ ಎಷ್ಟು ನೀಟಾಗಿ ತುಂಬಿದಾರೆ."

ಗುಮಾಸ್ತನಿಗೆ ಪ್ಯಾಂಟು ಹರಿದ ದಿನವೇ ವಾಸಿ ಅನಿಸಿತು. "ಸರ್, ನಾನು ಬರೆದದ್ದು ತಪ್ಪು" ಅಂದ.

"ತಪ್ಪೇನು? ಚೀಟಿಯಲ್ಲಿ ಇದ್ದದ್ದನ್ನೇ ಬರೆದಿದೀರಿ." ಮ್ಯಾನೇಜರ್ ಕುರ್ಚಿಗೆ ಒರಗಿ, ದನಿ ತಗ್ಗಿಸಿ, ಮನೆಯ ಹಿರಿಯನ ಧಾಟಿಗೆ ಬಂದ. "ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ ಅಮ್ಮ. ಆ ಪದ ನನಗೆ ಹೊಳೀತು, ನಿಮಗೆ ಹೊಳೀಲಿಲ್ಲ. ಮೇಲಿನವರು ನನ್ನನ್ನ ಹೊಗಳಿದ್ರು. ಅದಕ್ಕೇನಾದ್ರೂ ನಿಮಗೆ ಹೊಟ್ಟೆಕಿಚ್ಚಾ?"

ಅತ್ತಿಗೆ ಕನ್ನಡಕ ತೆಗೆದು, ಸೆರಗಿನ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಕಿಚ್ಚಿಗೆ ಬೇರೆ ಚೀಟಿ ಕೇಳಿ ಮೂರು ತಿಂಗಳಾಯ್ತು ಸರ್. ಇನ್ನೂ ಬಂದಿಲ್ಲ."